ತಿಮಿಂಗಿಲದ ಅಸಲು ಮತ್ತು ಬಡ್ಡಿ

ಸಮುದ್ರದ ಮಹಾಪ್ರಾಣಿಗಳಿಗೆ ಹೆಸರಿಡುವಾಗ ನಮ್ಮ ಹಿಂದಿನವರು ಒಂದು ವಿನೋದದ ಸರಪಣಿಯನ್ನೇ ಹೆಣೆದಿದ್ದಾರೆ. ತಿಮಿ ಎಂದರೆ ದೊಡ್ಡ ಮೀನು. ಆ ತಿಮಿಯನ್ನು ನುಂಗಬಲ್ಲದ್ದು ತಿಮಿಂಗಿಲ. ಅದನ್ನೂ ನುಂಗಬಲ್ಲ ಇನ್ನೊಂದುಂಟು. ಅದರ ಹೆಸರು ತಿಮಿಂಗಿಲಗಿಲ. ಮೊದಲಿನವೆರಡು ಹೇಗೂ ಇರಲಿ, ಈ ಮೂರನೆಯದನ್ನು ಕಣ್ಣಾರೆ ಕಂಡ ನಾವಿಕರು ಯಾರೂ ಇಲ್ಲ. ಆದರೆ ಕಳೆದ ಮುನ್ನೂರು ವರ್ಷಗಳ ತಿಮಿಂಗಿಲ ಬೇಟೆಯ ಇತಿಹಾಸವನ್ನು ಓದಿದವರಿಗೆ, ಆ ಪ್ರಾಣಿ ವಾಸವಾಗಿರುವುದು ನೆಲದ ಮೇಲೆಯೇ, ಅದಕ್ಕಿರುವುದು ಎರಡೇ ಕಾಲು ಎಂಬ ಅನುಮಾನ ಬಾರದೆ ಇರದು.

ಬೇಟೆಗಾರರು ಕ್ರೂರಿಗಳು ಎಂದು ಹೇಳಿ ಈ ಕಥೆಯನ್ನು ಮುಗಿಸಿಬಿಡುವುದು ಸುಲಭ. ಕ್ರೌರ್ಯವೇನೋ ಇದ್ದಿತು. ಆದರೆ ಅದರ ಜೊತೆಗೆ ಇನ್ನೊಂದು ದೋಷವೂ ಇದ್ದಿತು. ಅದು ಲೆಕ್ಕದ ದೋಷ. ಕೊಲ್ಲಬೇಕೆಂದವರು ಮಾತ್ರವೇ ಅಲ್ಲ, ಮಿತವಾಗಿ ಕೊಂದು ಉಳಿದುದನ್ನು ಕಾಪಾಡಬೇಕೆಂದವರೂ ಲೆಕ್ಕ ತಪ್ಪಿದರು. ಆ ತಪ್ಪು ಯಾವುದು, ಅದರ ಸಾಲವನ್ನು ಯಾರು ತೀರಿಸುತ್ತಿದ್ದಾರೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ತಿಮಿಂಗಿಲಗಳಲ್ಲಿ ಹಲವು ಜಾತಿಗಳುಂಟು. ನಾವು ಇಲ್ಲಿ ಹೇಳಹೊರಟಿರುವುದು ಸ್ಪರ್ಮ್ ತಿಮಿಂಗಿಲದ ವಿಷಯ. ಹಲ್ಲುಳ್ಳ ತಿಮಿಂಗಿಲಗಳಲ್ಲೆಲ್ಲ ಇದೇ ದೊಡ್ಡದು. ದೇಹದ ಮೂರನೆಯ ಒಂದು ಪಾಲು ಬರಿಯ ತಲೆ. ಬೆಳೆದ ಗಂಡು 50 ಅಡಿಗೂ ಮಿಕ್ಕಿ ಉದ್ದವಿದ್ದು 40 ಟನ್ನಿಗಿಂತ ಹೆಚ್ಚು ತೂಗುತ್ತದೆ. ಹೆಣ್ಣು ಸುಮಾರು 36 ಅಡಿ, 15 ಟನ್. ಕತ್ತಲೆಯ ಆಳಕ್ಕೆ, 3,000 ಅಡಿಗೂ ಕೆಳಕ್ಕೆ, ಮುಳುಗಿ ಅಲ್ಲಿಯ ಬೊಂಡಾಸ್ ಜಾತಿಯ ಪ್ರಾಣಿಗಳನ್ನು ಹಿಡಿದು ತಿನ್ನುವುದು ಇದರ ವೃತ್ತಿ. ತಲೆಯೊಳಗೆ ಮೇಣದಂಥ ಒಂದು ಎಣ್ಣೆ ತುಂಬಿರುತ್ತದೆ. ಹಿಂದಿನ ನಾವಿಕರು ಅದನ್ನು ವೀರ್ಯವೆಂದು ಭ್ರಮಿಸಿದ್ದರಿಂದ ಪ್ರಾಣಿಗೆ ಈ ವಿಚಿತ್ರ ಹೆಸರು ಅಂಟಿಕೊಂಡಿತು. ಅದು ವೀರ್ಯವಲ್ಲ, ಆಳದ ಕತ್ತಲೆಯಲ್ಲಿ ಸದ್ದು ಹೊರಡಿಸಿ, ಅದರ ಮಾರ್ದನಿಯಿಂದ ಬೇಟೆಯನ್ನು ಗುರುತಿಸುವ ಯಂತ್ರದ ಒಂದು ಅಂಗ. ಹೆಸರು ತಪ್ಪಿದ್ದೇ ಮೊದಲನೆಯ ತಪ್ಪು ಎನ್ನಬಹುದು.

ಇದರ ಸಂಸಾರವನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ಹೆಣ್ಣುಗಳು ಹತ್ತು ಹನ್ನೆರಡರ ಗುಂಪಾಗಿ, ಅಜ್ಜಿ, ತಾಯಿ, ಮಗಳು, ಮರಿ ಎಂಬ ಕ್ರಮದಲ್ಲಿ, ಬೆಚ್ಚನೆಯ ಕಡಲುಗಳಲ್ಲಿ ಒಟ್ಟಾಗಿ ಬಾಳುತ್ತವೆ. ಮರಿಗೆ ತಾಯಿಯಷ್ಟು ಆಳಕ್ಕೆ ಇಳಿಯಲಾಗದು. ಆದುದರಿಂದ ತಾಯಿ ಆಹಾರಕ್ಕಾಗಿ ಮುಳುಗಿದಾಗ ಚಿಕ್ಕಮ್ಮನೋ ಅಜ್ಜಿಯೋ ಮೇಲೆ ನಿಂತು ಮರಿಯನ್ನು ಕಾಯುತ್ತದೆ. ಅವು ತಮ್ಮತಮ್ಮೊಳಗೆ, ಹಿಂದಿನ ತಂತಿ ಕಚೇರಿಯ ಕಟಕಟ ಸದ್ದಿನಂತೆ, ಎಣಿಕೆಯ ತಾಳವುಳ್ಳ ಸಂಕೇತಗಳಿಂದ ಮಾತಾಡಿಕೊಳ್ಳುತ್ತವೆ. ಒಂದೊಂದು ಬಳಗಕ್ಕೆ ಒಂದೊಂದು ತಾಳ. ಅದನ್ನು ಮರಿ ಹಿರಿಯರಿಂದ ಕಲಿಯುತ್ತದೆ. ಗಂಡುಮರಿ ಬೆಳೆಯುತ್ತ ಮನೆ ಬಿಟ್ಟು ಧ್ರುವಗಳ ತಣ್ಣನೆಯ ನೀರಿಗೆ ಹೊರಟುಹೋಗುತ್ತದೆ. ಅಲ್ಲಿ ತಿಂದು ಬಲಿತು, ಇಪ್ಪತ್ತೈದು ಮೂವತ್ತರ ವಯಸ್ಸಿಗೆ ಹೆಣ್ಣುಗಳಿರುವ ಕಡಲಿಗೆ ಮರಳಿ ಬರುತ್ತದೆ.

ಹೆಣ್ಣು ಸುಮಾರು 10 ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ. ಗರ್ಭವನ್ನು ಹೊರುವುದು 14ರಿಂದ 16 ತಿಂಗಳು. ಹುಟ್ಟುವುದು ಒಂದೇ ಮರಿ. ಅದು ಎರಡು ವರ್ಷಕ್ಕೂ ಮೀರಿ ಹಾಲು ಕುಡಿಯುತ್ತದೆ. ಒಂದು ಹೆರಿಗೆಯಿಂದ ಮುಂದಿನ ಹೆರಿಗೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷದ ಅಂತರ. ಇವೆಲ್ಲವನ್ನೂ ಕೂಡಿಸಿ ಕಳೆದ ಪ್ರಾಣಿಶಾಸ್ತ್ರಜ್ಞರು ಹೇಳುವುದೇನೆಂದರೆ, ಎಲ್ಲವೂ ಅನುಕೂಲವಾಗಿದ್ದರೂ ಇವುಗಳ ಸಂಖ್ಯೆ ವರ್ಷಕ್ಕೆ ಹೆಚ್ಚುವುದು ನೂರಕ್ಕೆ ಒಂದರಷ್ಟು ಮಾತ್ರ. ಸಾಹುಕಾರರ ಭಾಷೆಯಲ್ಲಿ ಹೇಳುವುದಾದರೆ ಬಡ್ಡಿ ನೂರಕ್ಕೆ ಒಂದು. ಆ ಬಡ್ಡಿಯನ್ನು ಮುಟ್ಟದೆ ಬಿಟ್ಟರೂ ಅಸಲು ಇಮ್ಮಡಿಯಾಗಲು ಸುಮಾರು 70 ವರ್ಷ ಬೇಕು. ಈ ಒಂದು ಅಂಕಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಇನ್ನು ಬೇಟೆಯ ಕಥೆ. ಅಮೆರಿಕದ ಪೂರ್ವತೀರದ ನಾಂಟಕೆಟ್ ಎಂಬ ಪುಟ್ಟ ದ್ವೀಪದ ಜನ 1712ರ ಸುಮಾರಿಗೆ ಗಾಳಿಗೆ ಸಿಕ್ಕಿ ಆಳಗಡಲಿಗೆ ಹೋದಾಗ ಮೊದಲ ಸ್ಪರ್ಮ್ ತಿಮಿಂಗಿಲವನ್ನು ಹೊಡೆದರೆಂದು ಅಲ್ಲಿಯ ಐತಿಹ್ಯ. ಅದರ ತಲೆಯ ಎಣ್ಣೆಯಿಂದ ಮಾಡಿದ ಮೇಣದ ಬತ್ತಿ ಹೊಗೆಯಿಲ್ಲದೆ, ವಾಸನೆಯಿಲ್ಲದೆ ಉರಿಯಿತು. ಯೂರೋಪು ಅಮೆರಿಕಗಳ ದಿವಾನಖಾನೆಗಳೂ ದೀಪಸ್ತಂಭಗಳೂ ಅದರಿಂದ ಬೆಳಗಿದುವು. ಹೊಸದಾಗಿ ಹುಟ್ಟಿದ ಕಾರ್ಖಾನೆಗಳ ಯಂತ್ರಗಳಿಗೆ ಅದೇ ಎಣ್ಣೆ ಕೀಲೆಣ್ಣೆಯಾಯಿತು. ಹತ್ತಿರದ ಕಡಲು ಬರಿದಾದಂತೆ ಹಡಗುಗಳು ದೂರ ದೂರ ಹೋದುವು. 1789ರಲ್ಲಿ ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಶಾಂತಸಾಗರಕ್ಕೆ ನುಗ್ಗಿದುವು. 1820ರ ವೇಳೆಗೆ ಜಪಾನಿನ ಕಡಲನ್ನು ಮುಟ್ಟಿದುವು. ಮೂರು ನಾಲ್ಕು ವರ್ಷ ಮನೆಯ ಮುಖ ಕಾಣದೆ, ಸಣ್ಣ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ ಕೈಯಿಂದ ಈಟಿ ಎಸೆಯುವ ಬೇಟೆ ಅದು. ಅದೇ 1820ರ ನವೆಂಬರಿನಲ್ಲಿ ‘ಎಸೆಕ್ಸ್’ ಎಂಬ ಹಡಗನ್ನು ಒಂದು ದೊಡ್ಡ ಗಂಡು ತಿಮಿಂಗಿಲ ಗುದ್ದಿ ಮುಳುಗಿಸಿತು. ಆದರೂ ಸೋತದ್ದು ಒಟ್ಟಿನಲ್ಲಿ ತಿಮಿಂಗಿಲವೇ.

ಥಾಮಸ್ ಬೀಲ್ ಎಂಬ ಇಂಗ್ಲಿಷ್ ವೈದ್ಯ ಇಂಥ ಹಡಗುಗಳಲ್ಲಿ ಹೋಗಿ ಬಂದು 1839ರಲ್ಲಿ ಈ ಪ್ರಾಣಿಯ ಬಗೆಗೆ ಒಂದು ಗ್ರಂಥವನ್ನೇ ಬರೆದ. ಹೆಣ್ಣುಗಳ ಗುಂಪಿನಲ್ಲಿ ಒಂದಕ್ಕೆ ಗಾಯವಾದರೆ ಉಳಿದವು ಅದನ್ನು ಬಿಟ್ಟು ಹೋಗುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಬೇಟೆಗಾರರು ಈ ವಾತ್ಸಲ್ಯವನ್ನೇ ಉಪಾಯ ಮಾಡಿಕೊಂಡರು. ಆದರೆ ತಿಮಿಂಗಿಲಗಳೂ ಕಲಿತುವು. ಉತ್ತರ ಶಾಂತಸಾಗರದ ಅಮೆರಿಕನ್ ಹಡಗುಗಳ ದಿನಚರಿ ಪುಸ್ತಕಗಳನ್ನು ವಿದ್ವಾಂಸರು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಒಂದು ಸ್ವಾರಸ್ಯದ ಸಂಗತಿಯಿದು: ಬೇಟೆಗಾರರು ಒಂದು ಕಡಲಿಗೆ ಕಾಲಿಟ್ಟ ಕೆಲವೇ ವರ್ಷಗಳಲ್ಲಿ, ಕಂಡ ತಿಮಿಂಗಿಲಕ್ಕೆ ಈಟಿ ತಗಲುವ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿದುಹೋಯಿತು. ಶತ್ರುವಿನಿಂದ ತಪ್ಪಿಸಿಕೊಳ್ಳುವ ವಿದ್ಯೆಯನ್ನು ಒಂದು ಗುಂಪು ಇನ್ನೊಂದರಿಂದ ಕಲಿತಿರಬೇಕೆಂದು ಅವರ ಊಹೆ.

ಈ ಬೇಟೆ ಉಚ್ಛ್ರಾಯದಲ್ಲಿದ್ದ ಕಾಲಕ್ಕೆ ಹರ್ಮನ್ ಮೆಲ್ವಿಲ್ ತನ್ನ ‘ಮೋಬಿ ಡಿಕ್’ ಕಾದಂಬರಿಯನ್ನು ಬರೆದ. ಅದು ಅಚ್ಚಾದದ್ದು 1851ರಲ್ಲಿ. ಹೀಗೆ ಕೊಲ್ಲುತ್ತ ಹೋದರೆ ತಿಮಿಂಗಿಲ ನಿರ್ವಂಶವಾಗದೆ ಎಂಬ ಪ್ರಶ್ನೆಯನ್ನು ಅದರಲ್ಲಿ ಅವನೇ ಎತ್ತಿ, ಆಗುವುದಿಲ್ಲವೆಂದು ಅವನೇ ಉತ್ತರ ಕೊಡುತ್ತಾನೆ. ಅವನ ವಾದಕ್ಕೆ ಸಾಕ್ಷಿ ನಮ್ಮ ಪೂರ್ವದೇಶದ ಆನೆ. ಪೋರಸ್ ರಾಜನ ಕಾಲದಿಂದಲೂ ಆನೆಯನ್ನು ಹಿಡಿಯುತ್ತಲೇ ಬಂದಿದ್ದರೂ ಅದು ಉಳಿದಿದೆ. ಆನೆಯ ಕಾಡಿಗಿಂತ ಎಷ್ಟೋ ಪಾಲು ದೊಡ್ಡ ಮೇವುಗಾವಲುಳ್ಳ ತಿಮಿಂಗಿಲ ಉಳಿಯದೆ ಹೋದೀತೆ ಎಂದು ಅವನ ತರ್ಕ. ಜಗತ್ತಿನ ದೊಡ್ಡ ಕಾದಂಬರಿಕಾರನೊಬ್ಬ, ಸ್ವತಃ ಬೇಟೆಯ ಹಡಗಿನಲ್ಲಿ ದುಡಿದವನು, ಲೆಕ್ಕದಲ್ಲಿ ಹೀಗೆ ಎಡವಿದ. ಅಸಲು ದೊಡ್ಡದೆಂಬುದನ್ನು ಕಂಡನೇ ಹೊರತು ಬಡ್ಡಿ ಎಷ್ಟು ಸಣ್ಣದೆಂಬುದನ್ನು ಕೇಳಲಿಲ್ಲ. ಆನೆಯ ಮಾತಿಗೆ ನಾವು ಮತ್ತೆ ಬರುವುದಿದೆ.

1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ನೆಲವನ್ನು ಕೊರೆದು ಕಲ್ಲೆಣ್ಣೆ ತೆಗೆದರು. ಸೀಮೆಎಣ್ಣೆ ಅಗ್ಗವಾಗಿ ಬಂದ ಮೇಲೆ ತಿಮಿಂಗಿಲದ ಎಣ್ಣೆಗೆ ಬೇಡಿಕೆ ಕುಗ್ಗಿತು. ಸೀಮೆಎಣ್ಣೆಯೇ ತಿಮಿಂಗಿಲವನ್ನು ಬದುಕಿಸಿತು ಎಂದು ಹೇಳುವವರುಂಟು. ಅದು ಅರ್ಧ ಸತ್ಯ. ಅದು ಕೊಟ್ಟದ್ದು ಸ್ವಲ್ಪ ಬಿಡುವು ಮಾತ್ರ. ಅದೇ ಕಲ್ಲೆಣ್ಣೆ ಮುಂದೆ ವೇಗದ ಹಡಗುಗಳನ್ನು ಓಡಿಸಿತು. ನಾರ್ವೆಯ ಸ್ವೆಂಡ್ ಫೋಯ್ನ್ ಎಂಬಾತ 1860ರ ದಶಕದಲ್ಲಿ ರೂಪಿಸಿದ, ತುದಿಯಲ್ಲಿ ಸಿಡಿಮದ್ದಿರುವ ಫಿರಂಗಿ ಈಟಿ ಆ ಹಡಗುಗಳ ಮೂತಿಯಲ್ಲಿ ಕುಳಿತಿತು. ಮೊದಲು ಅವು ನೀಲಿ ತಿಮಿಂಗಿಲ ಮೊದಲಾದ ಹಲ್ಲಿಲ್ಲದ ಜಾತಿಗಳ ಬೆನ್ನು ಹತ್ತಿದುವು. ಅವು ತೀರುತ್ತ ಬಂದಂತೆ, ಎರಡನೆಯ ಮಹಾಯುದ್ಧದ ತರುವಾಯ, ಮತ್ತೆ ಸ್ಪರ್ಮ್ ತಿಮಿಂಗಿಲದ ಸರದಿ ಬಂದಿತು. ಅದರ ಎಣ್ಣೆ ಈಗ ದೀಪಕ್ಕಲ್ಲ. ಮೋಟಾರು ಗೇರುಗಳಿಗೆ, ಚರ್ಮ ಹದಮಾಡುವುದಕ್ಕೆ, ಮುಖಕ್ಕೆ ಹಚ್ಚುವ ಲೇಪನಗಳಿಗೆ.

ಈ ಎರಡು ಯುಗಗಳ ಅಂತರವನ್ನು ಅಂಕಿಗಳೇ ಹೇಳಲಿ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳೆರಡರಲ್ಲಿ ಕೂಡಿ ಕೊಂದ ಸ್ಪರ್ಮ್ ತಿಮಿಂಗಿಲಗಳು ಸುಮಾರು 3,00,000. 1900ರಿಂದ 1962ರೊಳಗೆ ಅಷ್ಟೇ ಸಂಖ್ಯೆಯನ್ನು ಮತ್ತೆ ಕೊಂದರು. ಅನಂತರ 1972ರೊಳಗೆ, ಹತ್ತೇ ವರ್ಷದಲ್ಲಿ, ಮತ್ತೊಮ್ಮೆ ಅಷ್ಟನ್ನು ಕೊಂದರು. 1963-64ರ ಋತುವೊಂದರಲ್ಲಿ ವರದಿಯಾದ ಬೇಟೆಯೇ 29,000 ದಾಟಿತು. ಆಗ ಕಡಲಿನಲ್ಲಿ ಹದಿನೈದು ಲಕ್ಷವೇ ಇದ್ದುವೆಂದು ಉದಾರವಾಗಿ ಹಿಡಿದರೂ ವರ್ಷದ ಬಡ್ಡಿ 15,000; ಖರ್ಚು ಅದರ ಸುಮಾರು ಎರಡರಷ್ಟು. ಯಾವ ಮನೆತನ ತಾನೆ ಇಂಥ ಖರ್ಚನ್ನು ತಾಳೀತು?

ಹಾಗಾದರೆ ಹೇಳುವವರು ಕೇಳುವವರು ಯಾರೂ ಇರಲಿಲ್ಲವೆ? ಇದ್ದರು. 1946ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಹಲವು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಒಂದು ಅಂತರರಾಷ್ಟ್ರೀಯ ತಿಮಿಂಗಿಲ ಮಂಡಲಿಯನ್ನು ಸ್ಥಾಪಿಸಿದುವು. ದೂರದ ಕಡಲಿನಲ್ಲಿ 38 ಅಡಿಗಿಂತ ಚಿಕ್ಕದಾದ ಸ್ಪರ್ಮ್ ತಿಮಿಂಗಿಲವನ್ನು ಕೊಲ್ಲಕೂಡದೆಂಬ ನಿಯಮವೂ ಬಂದಿತು. ಹೆಣ್ಣು ಅಷ್ಟು ಉದ್ದ ಬೆಳೆಯುವುದು ಅಪರೂಪ. ಎಂದರೆ ನಿಯಮದ ಫಲ, ಹೆಣ್ಣು ಮರಿಗಳಿಗೆ ರಕ್ಷೆ, ದೊಡ್ಡ ಗಂಡಿಗೆ ಈಟಿ. ಇದು ನ್ಯಾಯವಾಗಿಯೇ ಕಾಣುತ್ತಿತ್ತು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವ ಜಾತಿಯಿದು. ಹಿಂಡಿಗೊಂದು ಹೋರಿ ಸಾಲದೆ? ಉಳಿದ ಗಂಡುಗಳು ಹೆಚ್ಚುವರಿ; ಅವನ್ನು ತೆಗೆದರೆ ನಷ್ಟವಿಲ್ಲ. ದನದ ಕೊಟ್ಟಿಗೆಯನ್ನು ನೋಡಿ ಮಾಡಿದ ಈ ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿದ್ದಿತು.

ಆದರೆ ಕಡಲು ಕೊಟ್ಟಿಗೆಯಲ್ಲ. ಗಂಡು ಒಂದು ಹಿಂಡಿನ ಯಜಮಾನನಾಗಿ ನೆಲಸುವುದಿಲ್ಲವೆಂದು ಮುಂದೆ ತಿಳಿಯಿತು. ಅದು ಸಾವಿರಾರು ಮೈಲಿ ಈಜಿ ಬಂದು ಗುಂಪಿನಿಂದ ಗುಂಪಿಗೆ ಅಲೆಯುತ್ತದೆ. ಒಂದೊಂದು ಗುಂಪಿನ ಜೊತೆ ಇರುವುದು ಕೆಲವು ಗಂಟೆಗಳು ಮಾತ್ರ. ಅಷ್ಟು ವಿಸ್ತಾರದ ನೀರಿನಲ್ಲಿ ಗಂಡುಗಳು ವಿರಳವಾದರೆ ಎಷ್ಟೋ ಹೆಣ್ಣುಗಳಿಗೆ ಸಕಾಲದಲ್ಲಿ ಜೊತೆಯೇ ಸಿಗದು. ಒಂದು ದೊಡ್ಡ ಗಂಡನ್ನು ಕೊಂದರೆ ಅದರ ಸ್ಥಾನಕ್ಕೆ ಇನ್ನೊಂದು ಬೆಳೆದು ಬರಲು ಮೂವತ್ತು ವರ್ಷ ಬೇಕೆಂಬುದನ್ನೂ ಲೆಕ್ಕ ಹಾಕಿದವರು ಮರೆತರು. ಮಂಡಲಿ ಮುಂದೆ ಹೆಣ್ಣು ಗಂಡುಗಳಿಗೆ ಬೇರೆ ಬೇರೆ ಪಾಲು ನಿಗದಿ ಮಾಡಿತು, ಗಣಿತದ ಸೂತ್ರಗಳನ್ನು ಕಟ್ಟಿತು. ಆದರೆ ಹಡಗುಗಳು ಹೋಗುವ ವೇಗಕ್ಕೆ ಸೂತ್ರಗಳು ಎಂದೂ ಸರಿಗಟ್ಟಲಿಲ್ಲ.

ದೂರದ ಮಾತೆಂದು ತೋರಿದರೆ ಹತ್ತಿರದ ದೃಷ್ಟಾಂತವೊಂದಿದೆ. ಮೆಲ್ವಿಲ್ ಸಾಕ್ಷಿಗೆ ಕರೆದ ಆನೆಯನ್ನೇ ನಾವೂ ಕರೆಯೋಣ. ನಮ್ಮ ಆನೆಯಲ್ಲಿ ದಂತವಿರುವುದು ಗಂಡಿಗೆ ಮಾತ್ರ. ದಂತಚೋರರು ಕೊಂದದ್ದೂ ಗಂಡನ್ನೇ. ಪಕ್ಕದ ಕೇರಳದ ಪೆರಿಯಾರ್ ಕಾಡಿನಲ್ಲಿ 1980ರ ದಶಕದ ಕೊನೆಯ ವೇಳೆಗೆ ಬೆಳೆದ ಒಂದು ಗಂಡಿಗೆ ನೂರಕ್ಕೂ ಮಿಕ್ಕಿ ಹೆಣ್ಣುಗಳಿದ್ದುವೆಂದು ಎಣಿಸಿದವರು ಬರೆದಿದ್ದಾರೆ. ಹೆಣ್ಣುಗಳನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಹಿಂಡಿನಲ್ಲಿ ಮರಿಗಳು ಕಡಮೆಯಾದುವು. ಗಂಡು ಹೆಚ್ಚುವರಿ ಎಂಬ ಲೆಕ್ಕ ಕಾಡಿನಲ್ಲಿಯೂ ಹುಸಿಯಾಯಿತು.

ಲೆಕ್ಕ ತಪ್ಪುವುದು ಒಂದಾದರೆ ಲೆಕ್ಕವನ್ನು ತಿದ್ದುವುದು ಇನ್ನೊಂದು. ಸೋವಿಯೆತ್ ಹಡಗುಗಳಿಗೆ ಮೇಲಿನಿಂದ ವರ್ಷವರ್ಷವೂ ಟನ್ನುಗಳ ಗುರಿ ಬರುತ್ತಿದ್ದಿತು. ಗುರಿ ಮುಟ್ಟಿದವರಿಗೆ ಬಹುಮಾನ. ಅವರು ಸಿಕ್ಕಿದುದನ್ನೆಲ್ಲ ಕೊಂದು ಮಂಡಲಿಗೆ ಬೇರೆಯೇ ಅಂಕಿಗಳನ್ನು ಒಪ್ಪಿಸಿದರು. ಕೊಂದ ಹೆಣ್ಣನ್ನು ಗಂಡೆಂದೂ, ಚಿಕ್ಕದನ್ನು ದೊಡ್ಡದೆಂದೂ ಬರೆದರು. ಹಡಗಿನ ಮೇಲಿದ್ದ ಅವರದೇ ಜೀವಶಾಸ್ತ್ರಜ್ಞರು ಕೆಲವರು ನಿಜವಾದ ಅಂಕಿಗಳನ್ನು ಗುಟ್ಟಾಗಿ ಉಳಿಸಿದರು. ಒಬ್ಬಾತ ಆ ಕಾಗದಗಳನ್ನು ಆಲೂಗಡ್ಡೆ ಕೂಡಿಡುವ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದನಂತೆ. ಸೋವಿಯೆತ್ ಒಕ್ಕೂಟ ಒಡೆದ ಮೇಲೆ 1993ರಲ್ಲಿ ರಷ್ಯದ ವಿಜ್ಞಾನಿ ಅಲೆಕ್ಸೀ ಯಾಬ್ಲೊಕೋವ್ ಈ ಗುಟ್ಟನ್ನು ಬಹಿರಂಗ ಮಾಡಿದರು. ಎಲ್ಲ ಜಾತಿಗಳೂ ಸೇರಿ ವರದಿಯಾಗದೆ ಉಳಿದ ಕೊಲೆಗಳು ಸುಮಾರು 1,80,000 ಎಂದು ಆಮೇಲೆ ತಿಳಿದುಬಂತು. ಜಪಾನಿನ ಕರಾವಳಿ ಬೇಟೆಯಲ್ಲಿಯೂ ಅಂಕಿಗಳನ್ನು ತಿದ್ದಿದ್ದರೆಂದು ಅಲ್ಲಿಯವರೇ ಮುಂದೆ ಒಪ್ಪಿಕೊಂಡರು. ತಿದ್ದಿದ ಖಾತೆಯನ್ನು ಮುಂದಿಟ್ಟುಕೊಂಡು ಮಂಡಲಿಯ ವಿದ್ವಾಂಸರು ಎಷ್ಟು ಚೆನ್ನಾಗಿ ಗುಣಿಸಿ ಭಾಗಿಸಿದರೇನು? ಬಂದ ಉತ್ತರವೂ ತಪ್ಪೇ.

ಕೊನೆಗೆ ಬೇಟೆ ನಿಂತಿತು. ಆಸ್ಟ್ರೇಲಿಯದ ನೈರುತ್ಯ ಮೂಲೆಯ ಆಲ್ಬನಿ ಬಂದರಿನ ಬೇಟೆಯ ನೆಲೆ 1978ರ ನವೆಂಬರಿನಲ್ಲಿ ಬಾಗಿಲು ಹಾಕಿತು. 1979ರಲ್ಲಿ ಮಿಂಕಿ ಎಂಬ ಚಿಕ್ಕ ಜಾತಿಯೊಂದರ ಹೊರತು ಉಳಿದುವುಗಳಿಗೆ ಕಾರ್ಖಾನೆ ಹಡಗುಗಳ ಬಳಕೆ ನಿಷಿದ್ಧವಾಯಿತು. ಅದೇ ವರ್ಷ, ಸೆಶೆಲ್ಸ್ ಎಂಬ ಪುಟ್ಟ ದ್ವೀಪರಾಷ್ಟ್ರದ ಸೂಚನೆಯ ಮೇರೆಗೆ, ನಮ್ಮ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಸಾರಿದರು. 1981ರಲ್ಲಿ ಭಾರತವೂ ಮಂಡಲಿಯ ಸದಸ್ಯವಾಯಿತು. 1982ರಲ್ಲಿ ವ್ಯಾಪಾರದ ಬೇಟೆಯನ್ನೇ ನಿಲ್ಲಿಸುವ ತೀರ್ಮಾನವಾಗಿ 1986ರಿಂದ ಜಾರಿಗೆ ಬಂದಿತು. ಆ ಹೊಸ ಅಭಯಧಾಮದಲ್ಲಿ, ಶ್ರೀಲಂಕೆಯ ತೀರದಲ್ಲಿ, ಹಾಲ್ ವೈಟ್‌ಹೆಡ್ ಮತ್ತು ಅವರ ಸಂಗಡಿಗರು ‘ಟ್ಯುಲಿಪ್’ ಎಂಬ ಸಣ್ಣ ಹಾಯಿ ದೋಣಿಯಲ್ಲಿ ಕುಳಿತು ಸ್ಪರ್ಮ್ ತಿಮಿಂಗಿಲಗಳನ್ನು ಕೊಲ್ಲದೆ ಅಭ್ಯಾಸ ಮಾಡುವ ಕ್ರಮವನ್ನು ಬೆಳೆಸಿದರು. ಅದುವರೆಗೆ ಈ ಪ್ರಾಣಿಯ ವಿಷಯದಲ್ಲಿ ತಿಳಿದದ್ದರಲ್ಲಿ ಬಹುಪಾಲು ಕಸಾಯಿಕಟ್ಟೆಯ ಜ್ಞಾನವಾಗಿದ್ದಿತು.

ಬೇಟೆ ನಿಂತ ಮೇಲೆ ಅಸಲು ಬೆಳೆಯಬೇಕಷ್ಟೆ? ಆಲ್ಬನಿಯವರು ಮುಖ್ಯವಾಗಿ ಗಂಡುಗಳನ್ನು ಕೊಂದವರು. ಬೇಟೆಯ ಕಾಲದಲ್ಲಿ ಅವರ ವಿಮಾನ ದಿನವೂ ಬೆಳಗ್ಗೆ ಹಾರಿ ತಿಮಿಂಗಿಲಗಳನ್ನು ಗುರುತಿಸುತ್ತಿದ್ದಿತು. 1968ರಿಂದ 1978ರವರೆಗಿನ ಅದರ ದಾಖಲೆ ಉಳಿದಿದೆ. 2009ರಲ್ಲಿ ವಿಜ್ಞಾನಿಗಳು ಅದೇ ದಾರಿಯಲ್ಲಿ ಮತ್ತೆ ಹಾರಿ ಎಣಿಸಿದರು. ಮೂವತ್ತು ವರ್ಷ ಒಂದು ಈಟಿಯೂ ಬೀಳದ ಆ ಕಡಲಿನಲ್ಲಿ ಕಂಡ ತಿಮಿಂಗಿಲಗಳು ಬೇಟೆಯ ಯಾವ ವರ್ಷದಲ್ಲಿ ಕಂಡದ್ದಕ್ಕಿಂತಲೂ ಕಡಮೆ. ಗಲಾಪಗೋಸ್ ದ್ವೀಪಗಳ ಸುತ್ತಿನದು ಇನ್ನೊಂದು ಬಗೆ. 1981ರವರೆಗೆ ಪೆರು ತೀರದಲ್ಲಿ ಬೇಟೆ ನಡೆದಿದ್ದಿತು, ಅಲ್ಲಿ ದೊಡ್ಡ ಗಂಡುಗಳು ವಿರಳವಾಗಿದ್ದುವು. ನೂರಾರು ಮೈಲಿ ದೂರದ ಗಲಾಪಗೋಸ್ ಕಡಲಿನಲ್ಲಿ ಬೇಟೆ ನಿಂತ ಮೇಲೂ ಮರಿಗಳು ಬಲು ಅಪರೂಪ. ಇದ್ದ ಹೆಣ್ಣುಗಳೂ ಬರಿದಾದ ಪೆರು ತೀರದ ಕಡೆಗೆ ವಲಸೆ ಹೋದುವು. ಹಳ್ಳದ ನೀರನ್ನು ಮೊಗೆದರೆ ಸುತ್ತಲಿನ ಒರತೆಯೂ ಬತ್ತಿದಂತೆ, ಬೇಟೆಯ ಗಾಯ ಬೇಟೆಯ ಸ್ಥಳವನ್ನೂ ಕಾಲವನ್ನೂ ಮೀರಿ ಹಬ್ಬಿತು.

ವೈಟ್‌ಹೆಡ್ಡರೂ ಇನ್ನೊಬ್ಬ ವಿಜ್ಞಾನಿಯೂ 2022ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ 1710ರಲ್ಲಿ ಜಗತ್ತಿನ ಕಡಲುಗಳಲ್ಲಿ ಸುಮಾರು 19 ಲಕ್ಷ 50 ಸಾವಿರ ಸ್ಪರ್ಮ್ ತಿಮಿಂಗಿಲಗಳಿದ್ದುವು. 2022ರಲ್ಲಿ ಸುಮಾರು 8 ಲಕ್ಷ 45 ಸಾವಿರ. ಈ ಲೆಕ್ಕದಲ್ಲಿ ಅವರು ಒಂದು ಹೊಸ ಬಾಬನ್ನು ಸೇರಿಸಿದ್ದಾರೆ: ಕೂಡುಕುಟುಂಬ ಒಡೆದದ್ದರ ನಷ್ಟ. ಮರಿ ಕಾಯುವ ಚಿಕ್ಕಮ್ಮ, ಮೇವಿನ ನೆಲೆ ಬಲ್ಲ ಅಜ್ಜಿ ಸತ್ತರೆ ಹೋದದ್ದು ಒಂದು ತಲೆಯಲ್ಲ. ಉಳಿದ ಹತ್ತರ ಆಯುಸ್ಸೂ ಕುಗ್ಗುತ್ತದೆ. ಬೇಟೆ ನಿಂತ ಸುಮಾರು ಹತ್ತು ವರ್ಷದವರೆಗೂ ಅದರ ಪರಿಣಾಮ ಮುಂದುವರಿಯಿತೆಂದು ಅವರ ಅಭಿಪ್ರಾಯ.

ಎಂಟು ಲಕ್ಷ ಎಂದರೆ ಸಣ್ಣ ಸಂಖ್ಯೆಯಲ್ಲ. ಮತ್ತೇಕೆ ಚಿಂತೆ ಎನ್ನಬಹುದು. ಅದು ಮೆಲ್ವಿಲ್ಲನ ಮಾತೇ. ಬಡ್ಡಿ ಇಂದಿಗೂ ನೂರಕ್ಕೆ ಒಂದೇ. ಮನುಷ್ಯರ ಓಡಾಟ ಕಡಮೆಯಿರುವ ಕಡಲುಗಳಲ್ಲಿ ಅವು ನಿಧಾನವಾಗಿ ಹೆಚ್ಚುತ್ತಿವೆ. ಹಡಗುಗಳ ಡಿಕ್ಕಿ, ಮೀನಿನ ಬಲೆ, ಪ್ಲಾಸ್ಟಿಕ್ಕು, ಎಡೆಬಿಡದ ಯಂತ್ರದ ಗದ್ದಲ ಇರುವಲ್ಲಿ ಬಡ್ಡಿಯೆಲ್ಲ ಅದಕ್ಕೇ ಸಂದಾಯ. ವೆಸ್ಟ್ ಇಂಡೀಸಿನ ಡೊಮಿನಿಕಾ ಸುತ್ತಿನ ಕುಟುಂಬಗಳನ್ನು ವಿಜ್ಞಾನಿಗಳು ಒಂದೊಂದಾಗಿ ಗುರುತು ಹಿಡಿದು ಎಣಿಸಿದ್ದಾರೆ. ಅಲ್ಲಿ ಯಾರೂ ಈಟಿ ಎಸೆಯದಿದ್ದರೂ ಅವು ಇಳಿಯುತ್ತಿವೆಯೆಂದು 2016ರಲ್ಲಿ ವರದಿಯಾಯಿತು. ಆ ದೇಶ 2023ರಲ್ಲಿ ಅವುಗಳಿಗೆಂದೇ ಒಂದು ಕಡಲ ಮೀಸಲನ್ನು ಘೋಷಿಸಿತು.

ನಮ್ಮಲ್ಲಿ ಈ ಪ್ರಾಣಿಯ ಹೆಸರು ಪತ್ರಿಕೆಗೆ ಬರುವುದು ‘ತಿಮಿಂಗಿಲದ ವಾಂತಿ’ ಎಂಬ ತಲೆಬರಹದಡಿಯಲ್ಲಿ. 2021ರಲ್ಲಿ ಬೆಂಗಳೂರಿನಲ್ಲಿಯೇ ಪೊಲೀಸರು ಈ ಸರಕನ್ನು ಹಿಡಿದರು. ಅದು ಅಂಬರು, ಬೊಂಡಾಸಿನ ಗಟ್ಟಿ ಕೊಕ್ಕುಗಳು ಜೀರ್ಣವಾಗದೆ ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಕಟ್ಟುವ ಗಂಟು. ಕೋಟಿ ರೂಪಾಯಿಯ ಸುದ್ದಿಯಲ್ಲಿ ನಾವು ಗಂಟಿನ ಬೆಲೆಯನ್ನು ಓದುತ್ತೇವೆಯೇ ಹೊರತು ಅದನ್ನು ಹೊತ್ತಿದ್ದ ಜೀವದ ಬಗ್ಗೆ ಕೇಳುವುದಿಲ್ಲ.

ಸ್ಪರ್ಮ್ ತಿಮಿಂಗಿಲ ಅರುವತ್ತು ಎಪ್ಪತ್ತು ವರ್ಷ ಬದುಕುವ ಪ್ರಾಣಿ. 1964ರ ಆ ಋತುವಿನಲ್ಲಿ ತಾಯಿಯ ಪಕ್ಕದಲ್ಲಿದ್ದ ಹೆಣ್ಣುಮರಿಗಳಲ್ಲಿ ಕೆಲವಾದರೂ ಇಂದು ಅಜ್ಜಿಯರಾಗಿ, ಮಕ್ಕಳು ಆಳಕ್ಕಿಳಿದಾಗ ಮೇಲೆ ನಿಂತು ಮೊಮ್ಮಕ್ಕಳನ್ನು ಕಾಯುತ್ತಿರಬಹುದು. ನಾವು ಇತಿಹಾಸವೆಂದು ಓದುವುದು ಅವುಗಳಿಗೆ ನೆನಪು. ಅಸಲನ್ನು ತಿಂದವರು ಹೋದರು. ಅದನ್ನು ನೂರಕ್ಕೆ ಒಂದರಂತೆ ಮರಳಿ ಕೂಡಿಸುವ ಕೆಲಸ ಈ ಅಜ್ಜಿಯರ ಪಾಲಿಗೆ ಬಂದಿದೆ. ಅವರ ಬಡ್ಡಿಗೆ ನಾವು ಕೈ ಹಾಕದಿದ್ದರೆ ಅಷ್ಟೇ ದೊಡ್ಡ ಉಪಕಾರ.